ಜತೆಗಾರರ ಕಾಲಮ್ಮಿನಲ್ಲಿ ಪೆದ್ದಯ್ಯನ ಹೆಸರು

ಎರ್ರಬಂಡ ಗವಿಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ನಾನು ಬರೆದ ಮೆಚ್ಚುಗೆಯ ಪತ್ರವನ್ನೇ ಸಾಕ್ಷಿಯಾಗಿಟ್ಟುಕೊಂಡು ನೀವು ನಿಮ್ಮ ಕಾವಲುಗಾರ ಪೆದ್ದಯ್ಯನನ್ನು ಅಮಾನತು ಮಾಡಿದ್ದೀರಿ. ಈ ಬಗ್ಗೆ ತೆಲುಗಿನಲ್ಲಿ ಎರಡು ಅರ್ಜಿ ಕೊಟ್ಟೆ. ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಆದ್ದರಿಂದ ಈಗ ನಾಲ್ಕು ಜನ ಓದುವಂತೆ ನನ್ನ ಮನೆಮಾತಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಬಂದಾಗ ನನಗೆ ಇದೇ ಭಾಷೆ ಸಲೀಸು.

ನಾನು ಗಡಿಯೂರು ನಾರಾಯಣಪೇಟೆಯ ನಿವೃತ್ತ ಭೂಗೋಳ ಶಿಕ್ಷಕಿ. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಮರಳುಗಲ್ಲಿನ ಪದರಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದವಳು, ಕಣ್ಣಾರೆ ಒಮ್ಮೆಯೂ ಕಂಡವಳಲ್ಲ. ಮದುವೆಯಾಗಲಿಲ್ಲ; ರಜೆಗಳೆಲ್ಲ ಅಮ್ಮನ ಆರೈಕೆಯಲ್ಲಿ ಮುಗಿದವು. ಅಮ್ಮ ಹೋದ ಮೇಲೆ ಕಾರು ಕಲಿತೆ. ಗಟ್ಟು ಎಂಬ ಊರು ದಾಟಿದರೆ ಕೆಂಪು ಮರಳುಗಲ್ಲಿನ ಗವಿಗಳಿವೆ ಎಂದು ಕೇಳಿ ಮೂವರು ಹಳೆಯ ಸಹೋದ್ಯೋಗಿಗಳನ್ನು ಕರೆದೆ. ಒಬ್ಬಳಿಗೆ ಮೊಮ್ಮಗನ ಪರೀಕ್ಷೆ, ಇನ್ನೊಬ್ಬಳಿಗೆ ಮೊಣಕಾಲು. ಮೂರನೆಯವಳು ವಸುಧಾ, "ನೋಡೂಣಂತ ತಗೋರಿ" ಎಂದಳು. ಅದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊನೆಗೆ ಜನವರಿಯ ಒಂದು ಬೆಳಿಗ್ಗೆ ಒಬ್ಬಳೇ ಹೊರಟೆ. ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲ ಇಟ್ಟಿದ್ದೆ. ಅದರ ಭಾರಕ್ಕೆ ಯಾರೋ ಕೂತಿದ್ದಾರೆಂದು ತಿಳಿದು ಕಾರು ಒಂದೇ ಸಮನೆ ಕೂಗತೊಡಗಿತು. ಮಖ್ತಲ್‌ನಲ್ಲಿ ನಿಲ್ಲಿಸಿ ಚೀಲಕ್ಕೂ ಬೆಲ್ಟ್ ಹಾಕಿದೆ. ಜೂರಾಲ ಅಣೆಕಟ್ಟು ದಾಟಿ ಗದ್ವಾಲ ಸೇರುವವರೆಗೆ ಆ ಚೀಲದ ಜತೆಗೇ ಮಾತಾಡಿದೆ. ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ಸಂಕೋಚವೇನಿಲ್ಲ.

ಗವಿಯ ಬೇಲಿಗೆ ನೀವು ನೇತುಹಾಕಿದ ಹಲಗೆ ಹೀಗಿತ್ತು: ಒಂಟಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಗೇಟಿನ ಬಳಿ ಪೆದ್ದಯ್ಯ ಸ್ಟೂಲಿನ ಮೇಲೆ ಕೂತಿದ್ದ, ಒಬ್ಬನೇ.

"ಒಬ್ಬೊಬ್ಬರ್ನ ಬಿಡಾಕ ಹುಕುಂ ಇಲ್ಲರೀ ಅಮ್ಮಾ. ಜೋಡಿ ಯಾರರ ಬೇಕು."

"ಯಾರೂ ಇಲ್ಲಪ್ಪಾ."

"ಮನ್ಯಾಗ?"

"ಮನ್ಯಾಗೂ ಇಲ್ಲ."

ಆತ ತಲೆ ತಗ್ಗಿಸಿದ. ನನಗೆ ಅವಮಾನವಾಯಿತು. ಮಾನ್ಯರೇ, ಒಂಟಿತನಕ್ಕೆ ಹಲಗೆ ಬರೆಸಿ ಬೇಲಿಗೆ ಕಟ್ಟಿದ್ದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಬೇರೆ ಯಾರಾದರೂ ಬಂದರೆ ಅವರ ಬೆನ್ನಿಗೆ ಬೀಳೋಣವೆಂದು ಬೇವಿನ ಗಿಡದ ಕೆಳಗೆ ಎರಡು ತಾಸು ಕಾದೆ. ಬಂದದ್ದು ಆಡುಗಳು ಮಾತ್ರ. ನಿಮ್ಮ ರಿಜಿಸ್ಟರಿನ ಪ್ರಕಾರ ಹಿಂದಿನ ಪ್ರವಾಸಿ ಬಂದು ಹನ್ನೊಂದು ದಿನವಾಗಿತ್ತು. ಕೊನೆಗೆ ಪೆದ್ದಯ್ಯ ಬೀಗದ ಕೈ ಹಿಡಿದು ಎದ್ದ.

"ಬರ್ರಿ, ನಾನ ಬರ್ತೀನಿ ಜೋಡಿ."

ಜತೆಗಾರರ ಹೆಸರು ಎಂಬ ಕಾಲಮ್ಮಿನಲ್ಲಿ ಆತ ನಿಧಾನವಾಗಿ ತನ್ನ ಹೆಸರು ಬರೆದ. ಮುಂದಿನ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿ, "ಸಂಬಂಧ ಏನಂತ ಬರೀಲ್ರೀ?" ಎಂದ. ಗುರ್ತಿನವರು ಎಂದು ಬರೆಯಲು ಹೇಳಿದೆ. ಗೇಟಿಗೆ ಬೀಗ ಹಾಕಿ ಒಳಗೆ ಹೋದೆವು.

ಒಳಗೆ ಗೋಡೆ ಮುಟ್ಟಿದರೆ ಕೆಂಪು ಮರಳು ಬೆರಳಿಗೆ ಬಂತು. ಒಂದು ಕಡೆ ಹಳೆಯ ಅಲೆಗಳ ಗುರುತು ಸಾಲು ಸಾಲಾಗಿ ಕಲ್ಲಿನಲ್ಲಿ ಉಳಿದಿತ್ತು. ನನ್ನ ಕಣ್ಣು ತುಂಬಿತು. ಅಭ್ಯಾಸಬಲದಿಂದ ಪಾಠ ಶುರು ಮಾಡಿದೆ: ಇಲ್ಲಿ ಒಂದು ಕಾಲಕ್ಕೆ ನೀರಿತ್ತು, ಇದು ದಡ. ಪೆದ್ದಯ್ಯ ಅಂಗೈ ಇಟ್ಟು ನೋಡಿದ.

"ನಾಕು ವರ್ಷ ಇಲ್ಲೇ ಕುಂತೀನ್ರೀ. ಯಾರೂ ಹೇಳಿದ್ದಿಲ್ಲ ನನಗ."

ಆಮೇಲೆ ಆತ ತಾನು ದಿನಾ ಊಟಕ್ಕೆ ಕೂರುವ ತಂಪಾದ ಮೂಲೆ ತೋರಿಸಿದ. ಅಲ್ಲೇ ಇಬ್ಬರೂ ರೊಟ್ಟಿ ತಿಂದೆವು. ಅಮ್ಮ ಹೋದ ಮೇಲಿನ ಮೂರು ವರ್ಷದಲ್ಲಿ ನಾನು ಇನ್ನೊಬ್ಬರ ಎದುರು ಕೂತು ಉಂಡದ್ದು ಅದೇ ಮೊದಲು.

ಮನೆಗೆ ಬಂದವಳೇ ಉಪಾಧ್ಯಾಯಿನಿಯ ಚಪಲ ತಡೆಯಲಾರದೆ ನಿಮಗೆ ಎರಡು ಪುಟ ಬರೆದೆ. ಒಳ್ಳೆಯ ವಿದ್ಯಾರ್ಥಿಯ ಬಗ್ಗೆ ಹೆಡ್‌ಮಾಸ್ತರರಿಗೆ ಹೇಳಿದಂತೆ ನಡೆದದ್ದೆಲ್ಲ ಹೇಳಿದೆ, ರಿಜಿಸ್ಟರಿನ ಪುಟಸಂಖ್ಯೆಯನ್ನೂ ಸೇರಿಸಿ. ಫೆಬ್ರವರಿಯಲ್ಲಿ ಮತ್ತೆ ಹೋದಾಗ ಸ್ಟೂಲು ಖಾಲಿ ಇತ್ತು. ಆಡು ಕಾಯುತ್ತಿದ್ದ ಹೆಂಗಸು ಬೇಲಿಯ ಹತ್ತಿರ ಬಂದಳು. ಆಕೆ ಮೊಗುಲಮ್ಮ, ಪೆದ್ದಯ್ಯನ ಹೆಂಡತಿ.

"ನೀವೇನ್ರೀ ಆ ಟೀಚರಮ್ಮ? ನಿಮ್ಮ ಕಾಗದ ತೋರ್ಸಿ ತೋರ್ಸಿ ಕೇಳಿದ್ರಂತ್ರೀ ಅವನ್ನ. ಈಗ ಕೂಲಿಗೆ ರಾಯಚೂರಿಗೆ ಹೋಗ್ಯಾನ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಕೆ ತೋರಿಸಿದ ಅಮಾನತು ಆದೇಶದ ಪ್ರತಿ ಓದಿದೆ. ಆರೋಪ ಒಂದು: ಗೇಟು ಬಿಟ್ಟು ಹೋದದ್ದು. ಹನ್ನೊಂದು ದಿನಕ್ಕೊಬ್ಬರು ಬರುವ, ಬೀಗ ಹಾಕಿದ ಗೇಟಿನಿಂದ ಯಾರು ಏನು ಕದ್ದೊಯ್ಯುತ್ತಿದ್ದರು? ಗವಿಯನ್ನೇ? ಆರೋಪ ಎರಡು: ಜತೆಗಾರರ ಕಾಲಮ್ಮಿನಲ್ಲಿ ಸುಳ್ಳು ನಮೂದು. ಒಬ್ಬನೇ ಬಂದವನೊಬ್ಬ ಹಿಂದೆ ಜಾರಿಬಿದ್ದು, ಕಾಲು ಮುರಿದು, ಮರುದಿನದವರೆಗೆ ಒಳಗೇ ಬಿದ್ದಿದ್ದನಂತೆ. ಅದಕ್ಕೇ ಈ ನಿಯಮವಂತೆ. ಒಪ್ಪುತ್ತೇನೆ, ನಿಯಮ ಕೆಟ್ಟದ್ದಲ್ಲ. ಹಾಗಾದರೆ ಬಿದ್ದವಳನ್ನು ಎತ್ತಲು ಪಕ್ಕದಲ್ಲಿ ಒಬ್ಬ ಇರಬೇಕೆಂಬುದೇ ತಾನೆ ನಿಮ್ಮ ಇಚ್ಛೆ? ಇಳಿಜಾರಿನಲ್ಲಿ ನನ್ನ ಮುಂಗೈ ಹಿಡಿದು ಇಳಿಸಿದವನು ಜತೆಗಾರನಲ್ಲದಿದ್ದರೆ ಇನ್ನಾರು? ನನ್ನ ಕಾರು ಬುತ್ತಿಯ ಚೀಲವನ್ನೂ ಮನುಷ್ಯನೆಂದು ಎಣಿಸಿತು. ನಿಮ್ಮ ಕಚೇರಿ ಮನುಷ್ಯನನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲದೆ, ಒಂಟಿಯಾಗಿರುವುದು ಅಷ್ಟು ಅಪಾಯವಾದರೆ ಪೆದ್ದಯ್ಯನನ್ನು ನಾಲ್ಕು ವರ್ಷ ಅಲ್ಲಿ ಒಬ್ಬನನ್ನೇ ಕೂರಿಸಿದ್ದು ಯಾವ ನಿಯಮದಡಿ? ಆತ ಜಾರಿಬಿದ್ದಿದ್ದರೆ ಯಾವ ರಿಜಿಸ್ಟರಿನಲ್ಲಿ ಹುಡುಕುತ್ತಿದ್ದಿರಿ?

ಪೆದ್ದಯ್ಯನನ್ನು ಕೆಲಸಕ್ಕೆ ವಾಪಸ್ ಕರೆಯಿರಿ. ಆ ನಮೂದು ಸುಳ್ಳಲ್ಲವೆಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ತಪ್ಪಿದ್ದರೆ ಅದು ಕಾಗದ ಬರೆದ ನನ್ನದು. ಶಿಕ್ಷೆ ನನಗೆ ಕೊಡಿ. ಬರುವ ತಿಂಗಳ ಎರಡನೆಯ ಶನಿವಾರ ಮತ್ತೆ ಬರುತ್ತೇನೆ. ಆ ಸ್ಟೂಲಿನ ಮೇಲೆ ಬೇರೆ ಯಾರೇ ಇದ್ದರೂ ನಾನು ಒಳಗೆ ಹೋಗುವುದಿಲ್ಲ. ಬೇವಿನ ಗಿಡದ ಕೆಳಗೆ ಕಾಯುತ್ತೇನೆ. ಕಾಯುವುದು ನನಗೆ ಹೊಸದಲ್ಲ.

ಇಂತಿ, ನಿಮ್ಮ ನಿಯಮದ ಪ್ರಕಾರ ಅರ್ಧ ಪ್ರವಾಸಿ,
ಕೃಷ್ಣಪ್ರಿಯಾ, ನಾರಾಯಣಪೇಟೆ
ಜತೆಗಾರರ ಹೆಸರು: ಪೆದ್ದಯ್ಯ (ಅಮಾನತಿನಲ್ಲಿ)
ಸಂಬಂಧ: ಗುರ್ತಿನವರು