ಕಳೆಯದೆ ಉಳಿದ ಒಂಬತ್ತು

ಚನ್ನಗಿರಿ,
ತಾ. 18-2-1944

ಚಿ. ಸೌ. ಕಸ್ತೂರಿಗೆ ನಿನ್ನ ಅಣ್ಣನ ಆಶೀರ್ವಾದಗಳು. ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. ಸಿಟ್ಟು ಆರದೆ ಬರೆದರೆ ಕಾಗದ ಹತ್ತಿಕೊಂಡೀತೆಂದು ಕಾದೆ. ಆರಲಿಲ್ಲ; ಬರೆಯುತ್ತಿದ್ದೇನೆ.

ಜಗಳೂರಿನಿಂದ ನೀನು ಆರಿಸಿ ಕಳಿಸಿದ ವರಮಹಾಶಯರು ನಮ್ಮ ಮಂಗಳಳನ್ನು ನೋಡಲು ದಯಮಾಡಿಸಿದ್ದರು. ಬಿ.ಎಸ್ಸಿ. ಪಾಸಾದ ಒಂದು ಕೋಟು, ಅದರೊಳಗೆ ಹುಡುಗ. ಮಂಡಕ್ಕಿ-ಮೆಣಸಿನಕಾಯಿ ವಿಷಯದಲ್ಲಿ ಮಾತ್ರ ಅವನ ವಿದ್ವತ್ತು ಪ್ರಶ್ನಾತೀತ. ಅವನ ಸೋದರಮಾವ ಉಚ್ಚಂಗೆಪ್ಪನವರು, "ಹಾಡು ಬರ್ತೈತೇನವ್ವ?" ಎಂದರು.

"ಹಾಡು ಬರಲ್ರೀ, ಲೆಕ್ಕ ಬರ್ತೈತೆ," ಎಂದಳು ನಿನ್ನ ಸೋದರಸೊಸೆ. ಗಂಡುಹುಡುಗರ ಕ್ಲಾಸಿನಲ್ಲಿ ಒಬ್ಬಳೇ ಕೂತು ಹೈಸ್ಕೂಲು ಮುಗಿಸಿದವಳು, ಇನ್ನೇನು ಹೇಳಿಯಾಳು?

ವರನಿಗೆ ಹುರುಪೇರಿತು. ಸ್ಲೇಟು ತರಿಸಿ, ಎಕ್ಸ್ ವರ್ಗ, ಕಳೆ ಆರು ಎಕ್ಸ್, ಕೂಡು ಐದು ಎಂದು ಬರೆದು, ಬಟ್ಟಲಿನಂಥ ಪ್ಯಾರಾಬೋಲ ಎಳೆದು, ಅದರ ತಳ ಎಲ್ಲಿದೆಯೆಂದು ತಾನೇ ಕೇಳಿ ತಾನೇ ಉಪದೇಶಕ್ಕೆ ನಿಂತ. "ಆರರ ಅರ್ಧ ಮೂರು, ಮೂರರ ವರ್ಗ ಒಂಬತ್ತು. ಸೇರಿಸಿದ್ರೆ ವರ್ಗ ಪೂರ್ತಿ ಆತು. ತಳ ಐದರ ಎತ್ತರದಾಗೈತೆ!"

"ಸೇರಿಸಿದ ಒಂಬತ್ತನ್ನ ವಾಪಸ್ ಕಳೀಬೇಕಲ್ರೀ?" ಮಂಗಳ ತಲೆ ತಗ್ಗಿಸಿಕೊಂಡೇ ಕೇಳಿದಳು. "ತಳ ಸೊನ್ನೆಗಿಂತ ನಾಲ್ಕು ಕೆಳಗೈತೆ."

"ಕಾಲೇಜಿನಾಗೆ ಹಿಂಗೇ ಮಾಡೋದು."

"ಎಕ್ಸಿಗೆ ಒಂದು ಹಾಕಿ ನೋಡ್ರಿ, ಸೊನ್ನೆ ಬರ್ತೈತೆ. ತಳಾನೇ ಐದರಾಗಿದ್ರೆ ಸೊನ್ನೆಗೆ ಹೆಂಗೆ ಇಳೀತು?"

ಬಾವಿಯ ತಳವನ್ನು ರಾಟೆಯ ಮೇಲಕ್ಕೇರಿಸಿದ ಆ ಭಗೀರಥ, ಕಿವಿ ಕೆಂಪಗೆ ಮಾಡಿಕೊಂಡು ಎದ್ದ. ಉಚ್ಚಂಗೆಪ್ಪನವರು ಎಲೆಗೆ ಸುಣ್ಣ ಸವರುತ್ತ, "ಹುಡುಗಿ ಚಲೋ ಐತ್ರೀ ಮೇಷ್ಟ್ರೇ. ಬಾಯಿ ಒಂದು ಗೇಣು ಜಾಸ್ತಿ" ಎಂದರು. ಆಮೇಲೆ ಹೇಳಿಕಳಿಸಿದ್ದಾರೆ, ಜಾತಕ ಕೂಡಲಿಲ್ಲವಂತೆ. ನಾವು ಜಾತಕ ಕೊಟ್ಟೇ ಇರಲಿಲ್ಲ, ಕಸ್ತೂರಿ! ಅದನ್ನೂ ಆ ಪಂಡಿತನೇ ಲೆಕ್ಕ ಹಾಕಿರಬೇಕು.

ಅವನ ತಾಯಿ ಸಿಕ್ಕರೆ ಹೇಳು, ಅಂಥ ರತ್ನವನ್ನು ಗಾಳಿಗಿಡದೆ ಗಾಜಿನ ಬೀರುವಿನಲ್ಲಿಡಲಿ. ಭಾವನವರಿಗೆ ಶರಣು. ನಿನ್ನ ಮಕ್ಕಳು ಕೂಡುವುದನ್ನೂ ಕಳೆಯುವುದನ್ನೂ ಕಲಿತು ಸುಖವಾಗಿರಲಿ.

ನಿನ್ನ ಅಣ್ಣ,
ಮರುಳಸಿದ್ದಪ್ಪ

ಮತ್ತೊಂದು ಮಾತು: ಹೊನ್ನಾಳಿಯಿಂದ ಇನ್ನೊಬ್ಬರು ಹುಡುಗಿಯನ್ನು ನೋಡಲು ಬರುತ್ತಾರಂತೆ. ಸುದ್ದಿ ಕೇಳಿ ಮಂಗಳ ಸ್ಲೇಟು ಒರೆಸಿ ಗೂಡಿನಲ್ಲಿಟ್ಟಳು. "ಅಪ್ಪಾ, ಈ ಸಲ ಅವರು ಏನು ಸೇರಿಸಿದ್ರೂ ನಾನು ಕಳೆಯಾಕೆ ಹೋಗಲ್ಲ" ಎಂದಳು. ಅವಳಿಗೆ ಲೆಕ್ಕ ಕಲಿಸಿದ ನಾನು, "ಹಂಗೇ ಮಾಡವ್ವ" ಎಂದೆ.