ಮೂವತ್ತೆಂಟನೇ ಪೊಟ್ಟಣ

ಮಾರ್ಚ್ ೯, ಭಾನುವಾರ

ಅಕ್ಕಾ,

ಹೇಗಿದ್ದೀಯ? ನಾವು ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು, ನರ್ಸಮ್ಮನಿಗೆ ಕಾಗದ ಬರೆಯಲು ಧೈರ್ಯ ಬರಬೇಕಲ್ಲ. ಎರಡು ಸಲ ಬರೆದು ಹರಿದೆ. ಈ ಸಲ ಸಾಲುಗಳು ನೆಟ್ಟಗಿವೆ ಎಂದು ನಗಬೇಡ.

ಅಮ್ಮನ ಮಂಡಿನೋವು ಕಡಿಮೆಯಾಗಿದೆ. ನೀನು ಪರದೇಶದ ಬಡವರ ಕಣ್ಣು ನೋಡಲು ಹೋದಾಗಿನಿಂದ ಅವಳ ಕಾಲು ನೆಲಕ್ಕೇ ತಾಗುತ್ತಿಲ್ಲ. ನೀನು ಕಳಿಸಿದ ಫೋಟೊಗಳನ್ನೆಲ್ಲ ಕನ್ನಡಿಗೆ ಅಂಟಿಸಿದ್ದಾಳೆ. ಮೊದಲು ನೀನು ಒಂದು ಮೂಲೆಯಲ್ಲಿದ್ದೆ, ಈಗ ಅರ್ಧ ಕನ್ನಡಿ ನೀನೇ. ತಲೆ ಬಾಚಿಕೊಳ್ಳಲು ನಾನು ನಿನ್ನ ಪಕ್ಕದಲ್ಲಿ ಬಗ್ಗಿ ಇಣುಕಬೇಕು. ಮೊನ್ನೆ ಪಕ್ಕದ ಮನೆಯ ಹೊಲಿಗೆಯಮ್ಮ ಬಂದಾಗ ಅಮ್ಮ, "ನನ್ನ ಮಗಳು ಸಂಬಳ ತಗೊಳ್ದೆ ದುಡೀತಾಳೆ, ನೋಡಿ" ಎಂದಳು. ಆಕೆ ನನ್ನ ಕಡೆ ತಿರುಗಿ "ಇವಳೋ?" ಎಂದು ಕೇಳಿದಳು.

"ಇವಳು ಇಲ್ಲೇ, ಕನ್ನಡಕದಂಗಡೀಲಿ ಒರೆಸ್ತಾಳೆ."

ಒರೆಸ್ತಾಳೆ! ನೀನು ಅಲ್ಲಿ ಹಂಚುವ ಹಳೇ ಕನ್ನಡಕ ಒಂದೊಂದನ್ನೂ ಸೋಪುನೀರಲ್ಲಿ ತೊಳೆದು, ತಿರುಪು ಬಿಗಿದು, ಯಜಮಾನರು ಯಂತ್ರದಲ್ಲಿ ನೋಡಿ ಹೇಳಿದ ಗಾಜಿನ ನಂಬರನ್ನು ಪೊಟ್ಟಣದ ಮೇಲೆ ಬರೆಯುವವಳು ನಾನೇ ತಾನೆ? ನಿನ್ನ ಒಂದು ಫೋಟೊದಲ್ಲೂ ನನ್ನ ಪೊಟ್ಟಣ ಕಾಣುವುದಿಲ್ಲ.

ಯಜಮಾನರು ಮಾತ್ರ ಹೊಗಳುತ್ತಾರೆ. "ಎಷ್ಟು ಶ್ರದ್ಧೆ ನೋಡಿ ಈ ಹುಡುಗೀದು, ಮೂಗು ತಾಗಿಸಿ ಕೆಲಸ ಮಾಡ್ತಾಳೆ" ಎಂದು ಗಿರಾಕಿಗಳಿಗೆಲ್ಲ ಹೇಳುತ್ತಾರೆ. ನಾಚಿಕೆಯಾಗಿ ನಾನು ಇನ್ನಷ್ಟು ಬಗ್ಗುತ್ತೇನೆ.

ಇನ್ನು ನಿನ್ನ ಆ ಹುಡುಗಿಯ ವಿಷಯ. ಎರಡು ಪುಟ ಅವಳದೇ ಬರೆದಿದ್ದೀಯ. ದಿನಾ ಶಿಬಿರಕ್ಕೆ ಬಂದು ನಿನ್ನ ಪಕ್ಕ ಕೂರುತ್ತಾಳೆ, ಊಟ ನಿನ್ನ ತಟ್ಟೆಯಿಂದಲೇ, ಜಡೆ ನೀನೇ ಹಾಕುತ್ತೀಯ. ಅವಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದಿದ್ದನ್ನು ಬಾಗಿಲಿಂದ ನೋಡಿಯೇ, ಈ ಮಗುವಿಗೆ ದೂರದ್ದು ಕಾಣುವುದಿಲ್ಲ ಎಂದು ನಿನಗೆ ಗೊತ್ತಾಯಿತಂತೆ. "ಇಲ್ಲೂ ನನಗೊಬ್ಬಳು ತಂಗಿ ಸಿಕ್ಕಳು" ಎಂದು ಬರೆದೆಯಲ್ಲ, ಅಮ್ಮನಿಗೆ ಓದಿ ಹೇಳುವಾಗ ಆ ಸಾಲನ್ನು ನುಂಗಿಬಿಟ್ಟೆ. ಹೊಟ್ಟೆಕಿಚ್ಚು ಅನ್ನುತ್ತೀಯ. ಹೌದು, ಹೊಟ್ಟೆಕಿಚ್ಚೇ. ನೀನು ಹೋದಮೇಲೆ ನನ್ನ ಜಡೆ ನಾನೇ ಹಾಕಿಕೊಳ್ಳುತ್ತಿದ್ದೇನೆ, ಸೊಟ್ಟಗೆ.

ಅವಳಿಗೆ ಹೊಂದುವ ಕನ್ನಡಕ ಮೂವತ್ತೆಂಟನೇ ಪೊಟ್ಟಣದಲ್ಲಿ ಇರಬೇಕಿತ್ತು, ತೆರೆದರೆ ಖಾಲಿ, ಅಂಗಡಿಯಲ್ಲಿ ಹುಡುಕಿಸು ಎಂದಿದ್ದೀಯ. ಅವಳು ದಿನಾ ಕೇಳುತ್ತಾಳಂತೆ. ಯಜಮಾನರು ಕಪಾಟಿನ ಹಿಂದೆಲ್ಲ ಪೊರಕೆ ಆಡಿಸಿದರು. "ಅದಕ್ಕೇನು ಕಾಲು ಬಂತಾ?" ಎಂದು ರೇಗಿದರು. ನಾನೂ ಮೇಜಿನ ಕೆಳಗೆ ಬಗ್ಗಿ ಹುಡುಕಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮುಟ್ಟಿದ ಕಣ್ಣೆಲ್ಲ ತಿಳಿಯಾಗಲಿ. ಚಿಕ್ಕವಳು ಹರಸಬಾರದು ಎಂದಿದ್ದರೆ ಇದನ್ನು ಅಮ್ಮನ ಮಾತು ಅಂದುಕೋ.

ಇತಿ ನಿನ್ನ
ಮೂಸುಬೆಕ್ಕು

ತಾ.ಕ.: ನಾನು ಹುಡುಕಿದ್ದು ನಾಟಕ. ಪೊಟ್ಟಣ ಕಟ್ಟುವ ದಿನ, ಕಡ್ಡಿಗಳು ಕಿವಿಯ ಮೇಲೆ ಸರಿಯಾಗಿ ಕೂರುತ್ತವೆಯೇ ನೋಡೋಣವೆಂದು ಆ ಕನ್ನಡಕವನ್ನು ಹಾಕಿಕೊಂಡೆ. ಬೀದಿಯಾಚೆಯ ಮರದಲ್ಲಿ ಬಿಡಿಬಿಡಿ ಎಲೆಗಳಿದ್ದವು, ಅಕ್ಕ. ನಾನು ಅದನ್ನು ಹಸಿರು ಮುದ್ದೆ ಅಂದುಕೊಂಡಿದ್ದೆ. ತೆಗೆಯಲು ಮನಸ್ಸಾಗಲಿಲ್ಲ. ಖಾಲಿ ಪೊಟ್ಟಣವನ್ನೇ ಅಂಟಿಸಿ ಕಳಿಸಿದೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಹಾಕಿಕೊಳ್ಳುತ್ತೇನೆ. ಈಗಲೂ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಒಂದೇ ಚಾಪೆಯ ಮೇಲೆ ಕೂತು ಓದುತ್ತಿದ್ದೆವು. "ಪುಸ್ತಕ ಮೂಸ್ತೀಯೇನೇ, ಮೂಸುಬೆಕ್ಕು? ದೂರ ಹಿಡಿ!" ಎಂದು ನನ್ನ ತಲೆಗೆ ಮೊಟಕುತ್ತಿದ್ದೆ. ನೀನೂ ಆಗ ಚಿಕ್ಕವಳೇ, ಗೊತ್ತು. ಬೋರ್ಡಿನಲ್ಲಿ ಏನಿದೆ ಎಂದು ಹೇಳಲಾಗದೆ, ದಡ್ಡಿ ಅನ್ನಿಸಿಕೊಂಡು ನಾನು ಶಾಲೆ ಬಿಟ್ಟೆ. ಅವಳದು ಮಾತ್ರ ನಿನಗೆ ಬಾಗಿಲಿಂದಲೇ ಗೊತ್ತಾಯಿತು.

ಈ ಸಾಲು ಮುಗಿದ ಮೇಲೆ ಕನ್ನಡಕ ತೆಗೆದು, ಒರೆಸಿ, ಇದರ ಜೊತೆಗೇ ಇಡುತ್ತೇನೆ. ಅವಳಿಗೆ ಹಾಕು. ತಂಗಿ ಎಂದು ಮಾತ್ರ ಕರೆಯಬೇಡ.