ಒಳಗೆ ಎಳೆದುಕೊಂಡ ಗಡಿಗೆ

ಹುರ್ಗಾದಾ, ಭಾನುವಾರ

ಅಕ್ಕಾ,

ನನ್ನ ಬೆನ್ನುನೋವು ಕಡಿಮೆಯಾಗಿದೆ, ಅಮ್ಮನಿಗೆ ಹೇಳು. ಹೋಟೆಲಿನ ಹುಲ್ಲಿಗೆ ದಿನವಿಡೀ ನೀರು ಹಾಯಿಸುವುದೇ ನನ್ನ ಕೆಲಸ. ಆದರೆ ನಮ್ಮ ಬೀದಿಗೆ ನೀರಿನ ಲಾರಿ ಬಂದು ಹತ್ತು ದಿನವಾಯಿತು. ತೀರಿಹೋದ ಅಪ್ಪನ ಹೆಸರಿನಲ್ಲಿ ದಾರಿಹೋಕರಿಗೆಂದು ಬಾಗಿಲ ಮುಂದೆ ಇಟ್ಟಿದ್ದೆನಲ್ಲ, ಆ ಕುಡಿಯುವ ನೀರಿನ ಗಡಿಗೆಯನ್ನು ನಿನ್ನೆ ಬೆಳಿಗ್ಗೆ ಒಳಗೆ ಎಳೆದುಕೊಂಡೆ. ಎದುರುಮನೆಯ ಉಮ್ ಹಾಶಿಮ್ ಕಿಟಕಿಯಿಂದಲೇ ಕೇಳಿದಳು: "ಏನಪ್ಪಾ ಬಖೀತ್, ಸತ್ತೋದ ಅಪ್ಪನ್ನೂ ಒಳಗೆ ಕೂರ್ಸಿ ಚಿಲಕ ಹಾಕ್ಬಿಟ್ಯಾ?" ನಾನು ಬಾಗಿಲು ಹಾಕಿಕೊಂಡೆ.

ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಬೀದಿ ಗುಡಿಸುವ ಮುದುಕ ಶಾಜ್ಲಿ ಬಂದ. ದಿನವೂ ಎರಡು ಲೋಟ ಕುಡಿದು, ಅಪ್ಪನಿಗಾಗಿ ಪ್ರಾರ್ಥನೆ ಹೇಳಿ ಹೋಗುವವನು ಅವನು. "ಮನೇಲಿ ಯಾರಾದ್ರೂ ಇದ್ದೀರೇನಪ್ಪಾ?" ಎಂದು ಕೂಗಿದ. ನಾನು ಅದೇ ಗಡಿಗೆಯಿಂದ ಲೋಟ ತುಂಬಿಕೊಂಡು, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೆ. "ಪಾಪ, ಇವ್ರಿಗೇ ಕುಡಿಯೋಕಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಗಂಟಲು ಒಣಗಿದ್ದರೂ ಅಪ್ಪನ ಪ್ರಾರ್ಥನೆಯನ್ನು ಪೂರ್ತಿ ಹೇಳಿದ. ಅವನು ಹೋದ ಮೇಲೆ ಬಾಗಿಲು ತೆರೆದರೆ, ಗಡಿಗೆಯ ಖಾಲಿ ಕಟ್ಟೆಯ ಮೇಲೆ ತನ್ನ ಅರ್ಧ ಬಾಟಲಿ ನೀರನ್ನು ಇಟ್ಟು ಹೋಗಿದ್ದ, ನಮಗೆಂದು.

ಲಾರಿ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ಗಡಿಗೆಯನ್ನು ಮತ್ತೆ ಹೊರಗಿಟ್ಟು, ಅವನ ನೀರನ್ನೂ ಅದಕ್ಕೇ ಸುರಿದೆ. ಅವನು ಬರುವ ಹೊತ್ತಿಗೆ ಮನೆಯಲ್ಲಿರಬಾರದೆಂದು ಬೇಗನೆ ಕೆಲಸಕ್ಕೆ ಹೊರಟಿದ್ದೇನೆ. ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಅಮ್ಮನಿಗೆ ಬೆನ್ನುನೋವಿನ ಸಾಲನ್ನು ಮಾತ್ರ ಓದಿ ಹೇಳು.

ನಿನ್ನ ತಮ್ಮ,
ಬಖೀತ್